ಸಿಗ್ಮಾ ಲೆಕ್ಕ ಬಿಡಿಸುವುದು ಹೇಗೆ: ಮೊತ್ತದ ನಿಯಮಗಳು ಹಂತ ಹಂತವಾಗಿ

"ಸೂತ್ರಗಳೆಲ್ಲ ಬಾಯಿಪಾಠ ಇವೆ. ಆದರೆ ಸಿಗ್ಮಾ ಇರುವ ಲೆಕ್ಕ ಎದುರಿಗೆ ಬಂದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚುವುದಿಲ್ಲ." ಓದುಗರು ಮತ್ತೆ ಮತ್ತೆ ಕೇಳುವ ಮಾತಿದು. ಹೀಗಾಗಿ ಎಲ್ಲವನ್ನೂ ಒಂದೇ ಕಡೆ, ಮೊದಲಿನಿಂದ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಿಗ್ಮಾ (∑) ಹೊಸ ಗಣಿತವೇನಲ್ಲ, ಉದ್ದದ ಕೂಡುವ ಲೆಕ್ಕವನ್ನು ಚಿಕ್ಕದಾಗಿ ಬರೆಯುವ ಒಂದು ರೀತಿ. ಕೂಡುವಾಗ ನೀವು ಚಿಕ್ಕಂದಿನಿಂದ ಮಾಡುತ್ತಾ ಬಂದಿದ್ದನ್ನೇ ಇಲ್ಲೂ ಮಾಡಬಹುದು: ಹಿಂದೆ ಮುಂದೆ ಮಾಡಿ ಕೂಡುವುದು, ಗುಂಪು ಮಾಡಿ ಕೂಡುವುದು, ಎಲ್ಲದರಲ್ಲೂ ಇರುವ ಗುಣಕವನ್ನು ಹೊರಗೆ ತೆಗೆಯುವುದು. ಸಿಗ್ಮಾ ನಿಯಮಗಳು ಅಂದರೆ ಇಷ್ಟೇ. ಕೂಡುವುದರಲ್ಲಿ ಇಲ್ಲದ ಸಲಿಗೆಯನ್ನು ಸಿಗ್ಮಾ ಹತ್ತಿರ ತೆಗೆದುಕೊಂಡಾಗಲೇ ಲೆಕ್ಕ ತಪ್ಪುತ್ತದೆ.

ನಿಮಗೆ ಮುಂಚೆಯೇ ಗೊತ್ತಿರಬೇಕಾದದ್ದು ಎರಡು. ಆವರಣ ಬಿಡಿಸಿ ಗುಣಿಸಲು ಬರಬೇಕು, ಭಿನ್ನರಾಶಿ ಕೂಡಿ ಕಳೆಯಲು ಬರಬೇಕು. ಕಲನಶಾಸ್ತ್ರ ಬೇಡ.

ಬರೆಯುವ ರೀತಿಯ ಬಗ್ಗೆ: ಎಷ್ಟು ಪದಗಳಿವೆ ಅನ್ನುವುದಕ್ಕೆ "ನ" ಎಂದೂ, ಒಂದೊಂದೇ ಹೆಜ್ಜೆ ಮುಂದೆ ಹೋಗುವ ಎಣಿಕೆಗೆ "ಕ" ಎಂದೂ ಬರೆಯುತ್ತೇನೆ. ನಿಮ್ಮ ಪುಸ್ತಕದಲ್ಲಿ ಇವು ಎನ್, ಕೆ ಅಥವಾ ಐ ಆಗಿರುತ್ತವೆ. ಪುಸ್ತಕದಲ್ಲಿ ಸಿಗ್ಮಾದ ಕೆಳಗೆ ಮತ್ತು ಮೇಲೆ ಬರೆಯುವುದನ್ನು ಇಲ್ಲಿ ಪಕ್ಕದಲ್ಲೇ ಹೀಗೆ ಬರೆಯುತ್ತೇನೆ: ∑[ಕ=1→ನ]. ಘಾತಕ್ಕೆ ^ ಗುರುತು. 2^ಕ ಅಂದರೆ 2ನ್ನು ಕ ಬಾರಿ ಗುಣಿಸಿದ್ದು.

ಹಂತ 1: ಚಿಹ್ನೆಯನ್ನು ಬಿಡಿಸಿ ಓದಿ

∑[ಕ=1→ನ] ಅ(ಕ) = ಅ(1) + ಅ(2) + ಅ(3) + … + ಅ(ನ)

ಒಂದು ನಿಯಮದ ಪ್ರಕಾರ ಸಾಲಾಗಿ ಬರುವ ಸಂಖ್ಯೆಗಳಿಗೆ ಅನುಕ್ರಮ ಎನ್ನುತ್ತಾರೆ. ಅದರಲ್ಲಿರುವ ಒಂದೊಂದು ಸಂಖ್ಯೆಯೂ ಒಂದು ಪದ. ಅ(ಕ) ಅಂದರೆ ಕ-ನೇ ಪದ, ಅಂದರೆ ಆ ನಿಯಮವೇ. "ಕ" ಎಣಿಸುವ ಅಕ್ಷರ, ಇಂಡೆಕ್ಸ್ ಅಂತ ಕರೆಯುತ್ತಾರೆ. ಅದು ಶುರುವಾಗುವ ಜಾಗ ಕೆಳಮಿತಿ, ನಿಲ್ಲುವ ಜಾಗ ಮೇಲ್ಮಿತಿ. ಮೊತ್ತಕ್ಕೆ ಈ ಗ್ರೀಕ್ ಅಕ್ಷರವನ್ನು ಬಳಕೆಗೆ ತಂದವನು ಗಣಿತಜ್ಞ ಆಯ್ಲರ್, 1755ರಲ್ಲಿ.

ಒಂದು ಉದಾಹರಣೆ:

∑[ಕ=3→6] (2ಕ − 1) = 5 + 7 + 9 + 11 = 32

ಇಲ್ಲಿ ಎಷ್ಟು ಪದಗಳಿವೆ? 6 − 3 = 3 ಅಂದುಕೊಂಡರೆ ತಪ್ಪು. ನಾಲ್ಕು ಪದಗಳಿವೆ. ಪದಗಳ ಸಂಖ್ಯೆ ಯಾವಾಗಲೂ

ಮೇಲ್ಮಿತಿ − ಕೆಳಮಿತಿ + 1

ಆ ಕೊನೆಯ 1ನ್ನು ಮರೆಯುವವರು ತುಂಬ ಜನ. ಇದು ಮುಂದೆ ಇನ್ನೂ ಎರಡು ಕಡೆ ಕಾಡುತ್ತದೆ.

ಇನ್ನೊಂದು ವಿಷಯ. "ಕ" ಕೆಲಸ ಮುಗಿದ ಮೇಲೆ ಮಾಯವಾಗುವ ಅಕ್ಷರ. ಅದರ ಜಾಗದಲ್ಲಿ ಬೇರೆ ಯಾವ ಅಕ್ಷರ ಹಾಕಿದರೂ ಉತ್ತರ ಅದೇ. ನಿಮ್ಮ ಉತ್ತರದಲ್ಲಿ "ಕ" ಉಳಿದಿದ್ದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ಉತ್ತರದಲ್ಲಿ "ನ" ಇರಬಹುದು, "ಕ" ಇರಬಾರದು.

ಹಂತ 2: ಸೂತ್ರಕ್ಕೆ ಕೈ ಹಾಕುವ ಮೊದಲು ಮೂರು ಪದ ಬರೆಯಿರಿ

ಇದನ್ನು ದಯವಿಟ್ಟು ಹಾರಿಸಬೇಡಿ. ಯಾವ ಸಿಗ್ಮಾ ಲೆಕ್ಕ ಬಂದರೂ ಮೊದಲ ಮೂರು ಪದ, ಕೊನೆಯ ಒಂದು ಪದ ಕೈಯಾರೆ ಬರೆಯಿರಿ. ಅರ್ಧ ನಿಮಿಷ ಹಿಡಿಯುತ್ತದೆ. ಯಾವುದು ಬದಲಾಗುತ್ತಿದೆ, ಯಾವುದು ಹಾಗೇ ನಿಂತಿದೆ ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ. ಉದಾಹರಣೆಗೆ ∑[ಕ=1→ನ] (ನ − ಕ) ಬರೆದು ನೋಡಿ:

(ನ − 1) + (ನ − 2) + (ನ − 3) + … + 0

ಇಲ್ಲಿ "ನ" ಅಕ್ಷರವಾದರೂ ಬದಲಾಗುತ್ತಿಲ್ಲ. ಬದಲಾಗುತ್ತಿರುವುದು "ಕ" ಮಾತ್ರ. ಮುಂದಿನ ಹಂತಕ್ಕೆ ಈ ವ್ಯತ್ಯಾಸವೇ ಆಧಾರ.

ಹಂತ 3: ಮೂರು ಮೂಲ ನಿಯಮಗಳು

ಮೊದಲನೆಯದು: ಬದಲಾಗದ ಸಂಖ್ಯೆ. ಅದನ್ನು ಸ್ಥಿರಾಂಕ ಎನ್ನುತ್ತಾರೆ. ಇಲ್ಲಿ "ಸ" ಎಂದು ಬರೆಯೋಣ.

∑[ಕ=1→ನ] ಸ = ನ × ಸ

"ಸ"ವನ್ನು ನ ಬಾರಿ ಕೂಡಿದರೆ ನ × ಸ ಬರುತ್ತದೆ, ಅಷ್ಟೇ ಅಲ್ವಾ? ಆದರೂ ∑[ಕ=1→20] 4 ಕಂಡ ಕೂಡಲೇ ಎಷ್ಟೋ ಜನ 4 ಎಂದು ಬರೆದುಬಿಡುತ್ತಾರೆ. ಉತ್ತರ 80. ಕೆಳಮಿತಿ 1 ಅಲ್ಲದಿದ್ದರೆ "ನ" ಬದಲು ಹಂತ 1ರಲ್ಲಿ ಹೇಳಿದ ಪದಗಳ ಸಂಖ್ಯೆ ಹಾಕಬೇಕು.

ಎರಡನೆಯದು: ಗುಣಕ ಹೊರಗೆ ಬರುತ್ತದೆ.

∑ ಸ × ಅ(ಕ) = ಸ × ∑ ಅ(ಕ)

5×1 + 5×2 + 5×3 ಅನ್ನು 5 × (1 + 2 + 3) ಎಂದು ಬರೆಯುವುದೇ ಇದು. ಹೊರಗೆ ಬರಬಹುದಾದ್ದು "ಕ" ಇಲ್ಲದ್ದು ಮಾತ್ರ. "ನ" ಹೊರಗೆ ಬರಬಹುದು. "ಕ" ಬರುವಂತಿಲ್ಲ. ∑ ಕ × ಕ² ಅನ್ನು ಕ × ∑ ಕ² ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಮೂರನೆಯದು: ಕೂಡು, ಕಳೆ ಇದ್ದಲ್ಲಿ ಸಿಗ್ಮಾವನ್ನು ಒಡೆಯಬಹುದು.

∑ (ಅ(ಕ) ± ಬ(ಕ)) = ∑ ಅ(ಕ) ± ∑ ಬ(ಕ)

ಎರಡು ಸಾಲು ಸಂಖ್ಯೆಗಳನ್ನು ಜೋಡಿ ಜೋಡಿಯಾಗಿ ಕೂಡಿದರೂ ಒಂದೇ, ಸಾಲು ಸಾಲಾಗಿ ಕೂಡಿ ಕೊನೆಗೆ ಸೇರಿಸಿದರೂ ಒಂದೇ. ಎರಡು ಮೊತ್ತಗಳಿಗೂ ಮಿತಿಗಳು ಒಂದೇ ಆಗಿರಬೇಕು ಅನ್ನುವುದನ್ನು ಮಾತ್ರ ನೋಡಿಕೊಳ್ಳಿ.

ಈಗ ಬಹಳ ಮುಖ್ಯವಾದ ಎಚ್ಚರಿಕೆ. ಗುಣಾಕಾರಕ್ಕೆ, ಭಾಗಾಕಾರಕ್ಕೆ, ವರ್ಗಕ್ಕೆ ಇಂಥ ನಿಯಮ ಇಲ್ಲ.

∑ ಅ(ಕ) × ಬ(ಕ) ಅನ್ನುವುದು ∑ ಅ(ಕ) × ∑ ಬ(ಕ) ಅಲ್ಲ.

ಬರೀ ಎರಡು ಪದ ತೆಗೆದುಕೊಂಡು ನೋಡಿ. ∑[ಕ=1→2] ಕ(ಕ+1) ಅಂದರೆ 1×2 + 2×3 = 8. ಒಡೆದು ಗುಣಿಸಿದರೆ (1+2) × (2+3) = 15. ಎಲ್ಲಿಂದೆಲ್ಲಿಗೆ! ವರ್ಗದ ಕಥೆಯೂ ಇದೇ: 1² + 2² = 5, ಆದರೆ (1+2)² = 9. ನಾನು ನೋಡಿರುವ ಸಿಗ್ಮಾ ತಪ್ಪುಗಳಲ್ಲಿ ಜಾಸ್ತಿ ಸಿಗುವುದು ಇದೇ. ಗುಣಾಕಾರ ಕಂಡರೆ ಮೊದಲು ಆವರಣ ಬಿಡಿಸಿ, ಕೂಡು-ಕಳೆ ರೂಪಕ್ಕೆ ತನ್ನಿ. ಆಮೇಲೆ ಸಿಗ್ಮಾ ಒಡೆಯಿರಿ.

ಹಂತ 4: ಕೈಯಲ್ಲಿರಬೇಕಾದ ಸೂತ್ರಗಳು

∑[ಕ=1→ನ] ಕ = ನ(ನ+1)/2

∑[ಕ=1→ನ] ಕ² = ನ(ನ+1)(2ನ+1)/6

∑[ಕ=1→ನ] ಕ³ = (ನ(ನ+1)/2)²

ವರ್ಗಗಳ ಮತ್ತು ಘನಗಳ ಮೊತ್ತದ ನಿಯಮಗಳನ್ನು ಆರ್ಯಭಟ 499ರಲ್ಲೇ ಪದ್ಯದಲ್ಲಿ ಹೇಳಿದ್ದಾನೆ.

ಮೂರನೆಯ ಸೂತ್ರ ಗಮನಿಸಿ. ಘನಗಳ ಮೊತ್ತ ಮೊದಲನೆಯ ಮೊತ್ತದ ವರ್ಗವೇ. 1 + 8 + 27 = 36, (1+2+3)² ಕೂಡ 36. ಬಹಳ ಚೆಂದದ ಫಲ, ಆದರೆ ಗೊಂದಲಕ್ಕೂ ಇದೇ ದಾರಿ. ಇದನ್ನು ನೋಡಿದವರು ವರ್ಗಗಳ ಮೊತ್ತಕ್ಕೂ ಇಂಥದ್ದೇ ಏನೋ ಇದೆ ಅಂದುಕೊಳ್ಳುತ್ತಾರೆ. ಇಲ್ಲ.

ಮೊದಲ ಸೂತ್ರ ಬರುವುದು ಮೊತ್ತವನ್ನು ತಿರುವಿ ಹಾಕುವುದರಿಂದ. ಕೂಡುವಾಗ ಕೊನೆಯಿಂದ ಶುರು ಮಾಡಿದರೂ ಉತ್ತರ ಬದಲಾಗುವುದಿಲ್ಲ. ಹಾಗಾಗಿ ∑ ಕ ಮತ್ತು ∑ (ನ+1−ಕ) ಒಂದೇ. ಎರಡನ್ನೂ ಕೂಡಿದರೆ ಪ್ರತಿ ಪದವೂ ನ+1 ಆಗುತ್ತದೆ. ಅಂಥವು ನ ಇವೆ. ಹೀಗೆ ಮೊತ್ತದ ಎರಡರಷ್ಟು ನ(ನ+1) ಆಯಿತು, ಅದರ ಅರ್ಧ ನಮ್ಮ ಉತ್ತರ. ಎರಡನೆಯ ಸೂತ್ರ ಎಲ್ಲಿಂದ ಬಂತು ಅನ್ನುವುದನ್ನು ಹಂತ 8ರಲ್ಲಿ ಪೂರ್ತಿ ತೋರಿಸುತ್ತೇನೆ. ಅದನ್ನು ಒಮ್ಮೆ ನೀವೇ ಮಾಡಿ ನೋಡಿದರೆ ಸೂತ್ರ ಮರೆತುಹೋದರೂ ಹೆದರಿಕೆ ಇರುವುದಿಲ್ಲ.

ಹಂತ 5: ಎಲ್ಲ ಸೇರಿಸಿ ಒಂದು ಪೂರ್ತಿ ಲೆಕ್ಕ

∑[ಕ=1→20] (3ಕ² − 5ಕ + 4) ಎಷ್ಟು?

ಒಡೆಯಿರಿ, ಗುಣಕ ಹೊರಗೆ ತನ್ನಿ:

= 3 ∑ ಕ² − 5 ∑ ಕ + ∑ 4

ಸೂತ್ರ ಹಾಕಿ:

∑ ಕ² = 20 × 21 × 41 / 6 = 2870
∑ ಕ = 20 × 21 / 2 = 210
∑ 4 = 20 × 4 = 80

ಈಗ 3 × 2870 − 5 × 210 + 80 = 8610 − 1050 + 80 = 7640.

ಇಲ್ಲಿಗೇ ನಿಲ್ಲಿಸಬೇಡಿ. 20ರ ಬದಲು "ನ" ಇಟ್ಟುಕೊಂಡು ಇದೇ ಕೆಲಸ ಮಾಡಿದರೆ ಏನು ಬರುತ್ತದೆ ನೋಡೋಣ:

3 × ನ(ನ+1)(2ನ+1)/6 − 5 × ನ(ನ+1)/2 + 4ನ
= ನ(ನ+1)(2ನ+1−5)/2 + 4ನ
= ನ(ನ+1)(ನ−2) + 4ನ
= ನ(ನ² − ನ + 2)

ಸಾಮಾನ್ಯ ಉತ್ತರ ಸಿಕ್ಕಿತು ಅಂದರೆ ಪರೀಕ್ಷೆ ಮಾಡಲು ದಾರಿಯೂ ಸಿಕ್ಕಿತು. ನ = 1 ಹಾಕಿ: 1 × 2 = 2. ಮೊದಲ ಪದ 3 − 5 + 4 = 2. ಸರಿ. ನ = 2 ಹಾಕಿ: 2 × 4 = 8. ಎರಡನೇ ಪದ 12 − 10 + 4 = 6, ಮೊದಲಿನ 2 ಸೇರಿ 8. ಸರಿ. ನ = 20 ಹಾಕಿದರೆ 20 × 382 = 7640. ಅದೂ ಸರಿ.

ನ = 1 ಮತ್ತು ನ = 2 ಹಾಕಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಒಂದೇ ಬೆಲೆ ಹಾಕಿ ಬಿಟ್ಟರೆ ಸಾಲದು, ಏಕೆಂದರೆ ನ = 1ರಲ್ಲಿ ತಪ್ಪು ಉತ್ತರವೂ ಎಷ್ಟೋ ಸಲ ಸರಿ ಬಂದುಬಿಡುತ್ತದೆ. ∑ ಕ² ಬದಲು (∑ ಕ)² ಬರೆದವರಿಗೂ ನ = 1ರಲ್ಲಿ 1 ಸಿಗುತ್ತದೆ! ನ = 2ರಲ್ಲಿ ಬಣ್ಣ ಬಯಲಾಗುತ್ತದೆ.

ಹಂತ 6: ಕೆಳಮಿತಿ 1 ಅಲ್ಲದಿದ್ದಾಗ

ಸೂತ್ರಗಳೆಲ್ಲ 1ರಿಂದ ಶುರುವಾಗುವ ಮೊತ್ತಕ್ಕೆ. ಲೆಕ್ಕ 11ರಿಂದ ಶುರುವಾದರೆ? ಎರಡು ದಾರಿಗಳಿವೆ.

ಒಂದನೇ ದಾರಿ, ಬೇಡದ್ದನ್ನು ಕಳೆಯುವುದು. 1ರಿಂದ 30ರವರೆಗಿನ ಮೊತ್ತದಲ್ಲಿ 1ರಿಂದ 10ರವರೆಗಿನದ್ದು ತೆಗೆದರೆ 11ರಿಂದ 30 ಉಳಿಯುತ್ತದೆ.

∑[ಕ=11→30] (2ಕ + 7)
= 2 × (465 − 55) + 7 × 20
= 820 + 140
= 960

465 ಅಂದರೆ 1ರಿಂದ 30ರ ಮೊತ್ತ, 55 ಅಂದರೆ 1ರಿಂದ 10ರ ಮೊತ್ತ. ಪದಗಳ ಸಂಖ್ಯೆ 30 − 11 + 1 = 20. ಇಲ್ಲಿ ಎರಡು ಗುಂಡಿಗಳಿವೆ. ಕಳೆಯಬೇಕಾದದ್ದು 10ರವರೆಗೆ, 11ರವರೆಗೆ ಅಲ್ಲ. 11ರವರೆಗೆ ಕಳೆದರೆ ನಿಮಗೆ ಬೇಕಾದ ಮೊದಲ ಪದ 29 ಕೂಡ ಹೊರಟುಹೋಗಿ 931 ಬರುತ್ತದೆ. ಇನ್ನೊಂದು, 7ನ್ನು 30ರಿಂದ ಅಥವಾ 19ರಿಂದ ಗುಣಿಸುವುದು. ಎರಡೂ ತಪ್ಪು.

ಎರಡನೇ ದಾರಿ, ಎಣಿಕೆಯನ್ನೇ ಜರುಗಿಸುವುದು. ಪದದೊಳಗೆ (ಕ−4) ತರಹದ ಗುಂಪು ಕಂಡರೆ ಇದು ಒಳ್ಳೆಯದು.

∑[ಕ=5→24] (ಕ−4)²

ಮ = ಕ − 4 ಅಂದುಕೊಳ್ಳಿ. ಕ = 5 ಆದಾಗ ಮ = 1. ಕ = 24 ಆದಾಗ ಮ = 20. ಹಾಗಾದರೆ ಇದು ∑[ಮ=1→20] ಮ² ಅಷ್ಟೇ, ಅಂದರೆ 2870. ಕೆಲಸ ಮುಗಿಯಿತು.

ಜರುಗಿಸದೆ ಆವರಣ ಬಿಡಿಸಿ ಮಾಡಿದರೂ ಇದೇ ಬರುತ್ತದೆ, ಶ್ರಮ ಜಾಸ್ತಿ ಅಷ್ಟೇ. ಕ² − 8ಕ + 16 ಆಗುತ್ತದೆ. ವರ್ಗಗಳದ್ದು 4900 − 30 = 4870, ಸಂಖ್ಯೆಗಳದ್ದು 300 − 10 = 290, ಸ್ಥಿರಾಂಕದ್ದು 16 × 20 = 320. ಆದ್ದರಿಂದ 4870 − 2320 + 320 = 2870. ದಾರಿಯಲ್ಲಿ ಸಿಕ್ಕ ಆ 4900ನ್ನು ಒಂದು ಕ್ಷಣ ನೋಡಿ. ಅದು 1ರಿಂದ 24ರವರೆಗಿನ ವರ್ಗಗಳ ಮೊತ್ತ, ಅದೇ ಹೊತ್ತಿಗೆ 70ರ ವರ್ಗ. ಬರೀ 1ರ ಸಂಗತಿ ಬಿಟ್ಟರೆ ಹೀಗೆ 1ರಿಂದ ಸಾಲಾಗಿ ಕೂಡಿದ ವರ್ಗಗಳು ಪೂರ್ಣವರ್ಗವಾಗುವುದು 24ರಲ್ಲಿ ಮಾತ್ರ. ಇದು ಸಾಧಿಸಿ ತೋರಿಸಿರುವ ಸತ್ಯ.

ಎಣಿಕೆ ಜರುಗಿಸುವಾಗ ಮೂರು ಜಾಗ ಬದಲಾಗಬೇಕು: ಕೆಳಮಿತಿ, ಮೇಲ್ಮಿತಿ, ಒಳಗಿನ ಪದ. ಒಂದನ್ನು ಬಿಟ್ಟರೂ ಲೆಕ್ಕ ಹೋಯಿತು. ಆಗಿದೆಯೋ ಇಲ್ಲವೋ ನೋಡಲು ಸುಮ್ನೆ ಹೊಸ ರೂಪದ ಮೊದಲ ಪದ ಬರೆಯಿರಿ, ಹಳೆಯದಕ್ಕೆ ಹೋಲಿಸಿ.

ಹಂತ 7: ಉದ್ದಕ್ಕೆ ಬರೆದ ಮೊತ್ತವನ್ನು ಸಿಗ್ಮಾಕ್ಕೆ ತರುವುದು

ಸಿಗ್ಮಾ ಯಾರೂ ಬರೆದು ಕೊಡದಿದ್ದರೆ ನೀವೇ ಬರೆದುಕೊಳ್ಳಬೇಕು. ಇಲ್ಲಿ ಎರಡು ಪ್ರಶ್ನೆ: ಕ-ನೇ ಪದ ಏನು? ಕೊನೆಯ ಪದ ಎಷ್ಟನೆಯದು?

5 + 8 + 11 + … + 152

ಪ್ರತಿ ಸಲ 3 ಜಾಸ್ತಿಯಾಗುತ್ತಿದೆ. ಹಾಗಾಗಿ ಪದ 3ಕ + ಏನೋ ಒಂದು. ಕ = 1 ಆದಾಗ 5 ಬರಬೇಕು, ಅಂದರೆ 3ಕ + 2. ಈಗ 3ಕ + 2 = 152 ಆದರೆ ಕ = 50. ಆದ್ದರಿಂದ

∑[ಕ=1→50] (3ಕ + 2) = 3 × 1275 + 100 = 3925

ಮೇಲ್ಮಿತಿಯ ಜಾಗದಲ್ಲಿ 152 ಬರೆಯುವುದು ಇಲ್ಲಿನ ದೊಡ್ಡ ತಪ್ಪು. ಮೇಲ್ಮಿತಿ ಎಷ್ಟನೇ ಪದ ಅನ್ನುವುದನ್ನು ಹೇಳುತ್ತದೆ, ಆ ಪದದ ಬೆಲೆಯನ್ನಲ್ಲ.

ಬೆಸ ಸಂಖ್ಯೆಗಳ ವರ್ಗ ಬಂದರೆ, ಅಂದರೆ 1² + 3² + 5² + … + 19², ಪದ (2ಕ−1)², ಪದಗಳು 10. ಬಿಡಿಸಿದರೆ 4ಕ² − 4ಕ + 1. ಮೊತ್ತ 4 × 385 − 4 × 55 + 10 = 1330. ಕೊನೆಯ 10 ಬಂದದ್ದು ∑ 1ರಿಂದ. ಅದನ್ನು 1 ಎಂದು ಬರೆಯಬೇಡಿ.

1×2 + 2×3 + … + 50×51 ಬಂದರೆ ಪದ ಕ(ಕ+1), ಬಿಡಿಸಿದರೆ ಕ² + ಕ. ಮೊತ್ತ 42925 + 1275 = 44200.

ಹಂತ 8: ಒಂದನ್ನೊಂದು ಹೊಡೆದುಹಾಕುವ ಪದಗಳು

ಆವರಣ ಬಿಡಿಸಿದರೂ ದಾರಿ ಸಿಗದ ಲೆಕ್ಕಗಳಿವೆ, ಮುಖ್ಯವಾಗಿ ಛೇದದಲ್ಲಿ "ಕ" ಇರುವಂಥವು. ಅಲ್ಲಿ ಪದವನ್ನು ಎರಡರ ವ್ಯತ್ಯಾಸವಾಗಿ ಬರೆಯಲು ನೋಡಿ. ಇದಕ್ಕೆ ಟೆಲಿಸ್ಕೋಪಿಂಗ್ ಮೊತ್ತ ಎನ್ನುತ್ತಾರೆ. ನನಗೆ ಈ ಇಡೀ ವಿಷಯದಲ್ಲೇ ಬಹಳ ಇಷ್ಟವಾದ ಭಾಗ ಇದು.

1/(ಕ(ಕ+1)) = 1/ಕ − 1/(ಕ+1)

ಬಲಗಡೆ ಭಿನ್ನರಾಶಿ ಕಳೆದು ನೋಡಿ, ಎಡಗಡೆ ಬರುತ್ತದೆ. ಈಗ 1ರಿಂದ ನ ವರೆಗೆ ಕೂಡಿ:

(1 − 1/2) + (1/2 − 1/3) + (1/3 − 1/4) + … + (1/ನ − 1/(ನ+1))

ನಡುವಿನದ್ದೆಲ್ಲ ಜೋಡಿ ಜೋಡಿಯಾಗಿ ಹೋಗುತ್ತದೆ. ಉಳಿಯುವುದು 1 − 1/(ನ+1). ನ = 99 ಆದರೆ ಉತ್ತರ 99/100. ತೊಂಬತ್ತೊಂಬತ್ತು ಭಿನ್ನರಾಶಿಗಳ ಲೆಕ್ಕ ಒಂದು ಸಾಲಿನಲ್ಲಿ!

ಅಂತರ ಎರಡಾದರೆ ಎಚ್ಚರ ಬೇಕು.

1/(ಕ(ಕ+2)) = ½ × (1/ಕ − 1/(ಕ+2))

ಮುಂದಿನ ½ ಮರೆಯಬೇಡಿ. ಮತ್ತೆ ಇಲ್ಲಿ ಮೊದಲಿನದ್ದೊಂದು ಕೊನೆಯದ್ದೊಂದು ಉಳಿಯುವುದಲ್ಲ. ಪ್ರತಿ ಪದವೂ ತನ್ನ ಪಕ್ಕದ್ದನ್ನು ಬಿಟ್ಟು ಅದರಾಚೆಯದ್ದರ ಜೊತೆ ಹೋಗುವುದರಿಂದ, ಮೊದಲಿನ ಎರಡು ಮತ್ತು ಕೊನೆಯ ಎರಡು ಉಳಿಯುತ್ತವೆ:

½ × (1 + 1/2 − 1/(ನ+1) − 1/(ನ+2))

ನ = 2 ಹಾಕಿ ನೋಡಿ: ½ × (3/2 − 1/3 − 1/4) = 11/24. ನೇರವಾಗಿ 1/3 + 1/8 ಕೂಡ 11/24. ಯಾವುದು ಉಳಿಯುತ್ತದೆ ಎಂದು ಮನಸ್ಸಿನಲ್ಲೇ ಊಹಿಸಬೇಡಿ. ಮೊದಲ ನಾಲ್ಕು ಪದ, ಕೊನೆಯ ಮೂರು ಪದ ಬರೆದು, ಹೋಗುವುದಕ್ಕೆ ಗೆರೆ ಎಳೆಯಿರಿ.

ಈಗ ಮೊದಲೇ ಹೇಳಿದಂತೆ ವರ್ಗಗಳ ಸೂತ್ರ. ಶುರು ಮಾಡುವುದು ಘನದಿಂದ:

(ಕ+1)³ − ಕ³ = 3ಕ² + 3ಕ + 1

ಎರಡೂ ಕಡೆ 1ರಿಂದ ನ ವರೆಗೆ ಮೊತ್ತ ತೆಗೆಯಿರಿ. ಎಡಗಡೆ ವ್ಯತ್ಯಾಸಗಳ ಸಾಲು, ನಡುವಿನದ್ದೆಲ್ಲ ಹೋಗಿ (ನ+1)³ − 1 ಉಳಿಯುತ್ತದೆ. ಬಲಗಡೆ ಹಂತ 3ರ ನಿಯಮಗಳು. ನಮಗೆ ಬೇಕಾದ ∑ ಕ² ಅನ್ನು "ವ" ಅನ್ನೋಣ.

(ನ+1)³ − 1 = 3ವ + 3 × ನ(ನ+1)/2 + ನ

3ವ = (ನ+1)³ − (ನ+1) − 3ನ(ನ+1)/2
= (ನ+1) × ((ನ+1)² − 1 − 3ನ/2)
= (ನ+1) × (ನ² + ನ/2)
= ನ(ನ+1)(2ನ+1)/2

ಆದ್ದರಿಂದ ವ = ನ(ನ+1)(2ನ+1)/6. ಎಲ್ಲೂ ಜಾದೂ ಇಲ್ಲ. ಗುಣಕ ಹೊರತೆಗೆದೆವು, ಸಿಗ್ಮಾ ಒಡೆದೆವು, ಸ್ಥಿರಾಂಕವನ್ನು ನ ಬಾರಿ ಎಣಿಸಿದೆವು, ಅಷ್ಟೇ. (ಕ+1)⁴ − ಕ⁴ ಇಟ್ಟುಕೊಂಡು ಹೀಗೇ ಮಾಡಿದರೆ ಘನಗಳ ಸೂತ್ರ ಸಿಗುತ್ತದೆ. ಅದನ್ನು ನೀವೇ ಮಾಡಿ.

ಹಂತ 9: ಘಾತದಲ್ಲಿ "ಕ" ಇದ್ದರೆ

ಪ್ರತಿ ಪದವೂ ಹಿಂದಿನದನ್ನು ಒಂದೇ ಸಂಖ್ಯೆಯಿಂದ ಗುಣಿಸಿ ಬಂದಿದ್ದರೆ ಅದು ಗುಣೋತ್ತರ ಶ್ರೇಢಿ. ಆ ಸಂಖ್ಯೆಗೆ ಸಾಮಾನ್ಯ ಅನುಪಾತ ಎನ್ನುತ್ತಾರೆ. ಅದನ್ನು "ರ" ಎನ್ನೋಣ.

∑[ಕ=1→ನ] ರ^ಕ = ರ(ರ^ನ − 1)/(ರ − 1), ರ = 1 ಅಲ್ಲದಿದ್ದಾಗ.

ರ = 1 ಆದರೆ ಛೇದ ಸೊನ್ನೆ, ಸೂತ್ರ ನಡೆಯುವುದಿಲ್ಲ. ಆಗ ಎಲ್ಲ ಪದವೂ 1, ಮೊತ್ತ ನ.

∑[ಕ=1→8] 3 × 2^ಕ = 3 × 2 × (256 − 1)/(2 − 1) = 1530. ಎಣಿಕೆ 0ಯಿಂದ ಶುರುವಾಗುತ್ತದೋ 1ರಿಂದಲೋ ನೋಡಿಕೊಳ್ಳಿ. 0ಯಿಂದಾದರೆ 3 × 2^0 = 3 ಎಂಬ ಪದವೊಂದು ಜಾಸ್ತಿ ಇರುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಈ ಸೂತ್ರ ಬೇರೆ ಬೇರೆ ಥರ ಕಾಣುವುದಕ್ಕೂ ಇದೇ ಕಾರಣ. ಇನ್ನೊಂದು ಎಚ್ಚರಿಕೆ, 3 × 2^ಕ ಅನ್ನು 6^ಕ ಮಾಡಬೇಡಿ.

∑ ಕ × 2^ಕ ಬಂದರೆ? ಗುಣಾಕಾರ, ಹಾಗಾಗಿ ಒಡೆಯುವಂತಿಲ್ಲ. ಇಲ್ಲಿ ಇಡೀ ಮೊತ್ತವನ್ನು 2ರಿಂದ ಗುಣಿಸಿ, ಒಂದು ಸ್ಥಾನ ಜರುಗಿಸಿ, ಮೂಲದ್ದನ್ನು ಅದರಲ್ಲಿ ಕಳೆಯಬೇಕು. ಉಳಿಯುವುದು ನ × 2^(ನ+1), ಅದರಲ್ಲಿ ಕಳೆಯಬೇಕಾದ ಒಂದು ಗುಣೋತ್ತರ ಮೊತ್ತ 2 + 4 + … + 2^ನ. ಉತ್ತರ (ನ−1) × 2^(ನ+1) + 2. ನ = 2ಕ್ಕೆ 2 + 8 = 10, ಸೂತ್ರದಿಂದಲೂ 8 + 2 = 10.

ಮೊತ್ತ ಕೊನೆಯಿಲ್ಲದೆ ಹೋದರೆ

ಇಲ್ಲಿಯವರೆಗಿನ ನಿಯಮಗಳು ಎಣಿಸಿ ಮುಗಿಸಬಹುದಾದ ಪದಗಳಿಗೆ. ಕೊನೆಯಿಲ್ಲದ ಶ್ರೇಣಿಯಲ್ಲಿ ಸಿಗ್ಮಾ ಒಡೆಯಬೇಕಾದರೆ ಒಡೆದ ಎರಡೂ ಭಾಗಗಳು ಒಂದು ನಿಶ್ಚಿತ ಬೆಲೆಗೆ ಹತ್ತಿರವಾಗುತ್ತಾ ಹೋಗಬೇಕು. 1/(ಕ(ಕ+1)) ಅನ್ನೇ ನೋಡಿ. ಕೊನೆಯಿಲ್ಲದೆ ಕೂಡಿದರೆ ಮೊತ್ತ 1. ಆದರೆ ಅದನ್ನು ∑ 1/ಕ ಮತ್ತು ∑ 1/(ಕ+1) ಎಂದು ಒಡೆದರೆ ಎರಡೂ ಮಿತಿಯಿಲ್ಲದೆ ಬೆಳೆಯುತ್ತವೆ, ಕಳೆಯಲು ಏನೂ ಇರುವುದಿಲ್ಲ. ಇಂಥ ಕಡೆ ಮೊದಲು ನ ವರೆಗೆ ಮಾತ್ರ ಕೂಡಿ, 1 − 1/(ನ+1) ಪಡೆದು, ಆಮೇಲೆ ನ ದೊಡ್ಡದಾದರೆ ಏನಾಗುತ್ತದೆ ಎಂದು ಕೇಳಿ.

ಕೈ ಪಳಗಲು ಐದು ಲೆಕ್ಕ

ಉತ್ತರವನ್ನೂ ಕೊಟ್ಟಿದ್ದೇನೆ, ಆದರೆ ಮೊದಲು ನೀವೇ ಬಿಡಿಸಿ. ಎಲ್ಲಾದರೂ ನಿಂತರೆ ಪಕ್ಕದಲ್ಲಿ ಹೇಳಿದ ಹಂತಕ್ಕೆ ಹಿಂತಿರುಗಿ.

1. ∑[ಕ=1→12] (ಕ+2)(ಕ−1). ಉತ್ತರ 704. ಹಂತ 3 ಮತ್ತು 5.

2. 7 + 11 + 15 + … + 83. ಉತ್ತರ 900. ಹಂತ 7.

3. ∑[ಕ=6→15] ಕ³. ಉತ್ತರ 14175. ಹಂತ 6. ಇಲ್ಲಿ 120² − 15² ಬರಬೇಕು. 120² − 21² ಬಂದಿದ್ದರೆ 6ನೇ ಪದವನ್ನೂ ಕಳೆದಿದ್ದೀರಿ.

4. 1/(1×3) + 1/(3×5) + … + 1/(19×21). ಉತ್ತರ 10/21. ಹಂತ 7 ಮತ್ತು 8. ಇಲ್ಲಿ ಅಂತರ ಎರಡಿದ್ದರೂ ಮೊದಲಿನದ್ದೊಂದು, ಕೊನೆಯದ್ದೊಂದು ಮಾತ್ರ ಉಳಿಯುತ್ತದೆ. ಯಾಕೆ ಎಂದು ಪದಗಳನ್ನು ಬರೆದು ನೋಡಿ.

5. ∑[ಕ=1→99] 1/(√ಕ + √(ಕ+1)). ಉತ್ತರ 9. ಅಂಶ ಮತ್ತು ಛೇದ ಎರಡನ್ನೂ √(ಕ+1) − √ಕ ಇಂದ ಗುಣಿಸಿದರೆ ಹಂತ 8ರ ರೂಪಕ್ಕೆ ಬಂದು ನಿಲ್ಲುತ್ತದೆ.